ಎರಡು ಮಂಡಳಿಗಳ ನಡುವಿನ ಕುರ್ಚಿ

ಕಂಪನಿಯೊಂದರ ವಾರ್ಷಿಕ ವರದಿಯಲ್ಲಿ ನಿರ್ದೇಶಕರ ಪಟ್ಟಿಯನ್ನು ಓದುವಾಗಲೆಲ್ಲ ನನಗೆ ಎರಿಕ್ ಶ್ಮಿಟ್ ನೆನಪಾಗುತ್ತಾರೆ. ಗೂಗಲ್‌ನ ಮುಖ್ಯಸ್ಥರಾಗಿದ್ದ ಅವರು 2006ರಲ್ಲಿ ಆ್ಯಪಲ್‌ನ ನಿರ್ದೇಶಕ ಮಂಡಳಿಯನ್ನು ಸೇರಿದಾಗ ಎರಡೂ ಕಂಪನಿಗಳು ಸ್ನೇಹದಿಂದಿದ್ದವು. ಮರುವರ್ಷ ಬಂದ ಮೊದಲ ಐಫೋನ್‌ನಲ್ಲಿ ಗೂಗಲ್‌ನ ನಕ್ಷೆಗಳೇ ಇದ್ದವು. ಐಫೋನ್‌ಗೆ ಪೈಪೋಟಿಯಾಗಿ ಗೂಗಲ್‌ನ ಫೋನ್ ತಂತ್ರಾಂಶ ಆಂಡ್ರಾಯ್ಡ್ ಬೆಳೆದಂತೆ ಅವರು ಆ್ಯಪಲ್ ಸಭೆಗಳ ಹೆಚ್ಚು ಹೆಚ್ಚು ಭಾಗದಿಂದ ದೂರವಿರಬೇಕಾಯಿತು ಮತ್ತು 2009ರ ಆಗಸ್ಟ್‌ನಲ್ಲಿ ಸ್ಥಾನವನ್ನೇ ತ್ಯಜಿಸಿದರು. ಎರಡೂ ಮಂಡಳಿಗಳಲ್ಲಿದ್ದ ಆರ್ಥರ್ ಲೆವಿನ್ಸನ್ ಅಕ್ಟೋಬರ್‌ನಲ್ಲಿ ಗೂಗಲ್‌ನ ಮಂಡಳಿಯನ್ನು ಬಿಟ್ಟರು. ಪರಸ್ಪರ ಸ್ಪರ್ಧಿಸುವ ಕಂಪನಿಗಳಿಗೆ ಒಬ್ಬರೇ ನಿರ್ದೇಶಕರಾಗುವುದನ್ನು ಅಮೆರಿಕದ 1914ರ ಕ್ಲೇಟನ್ ಕಾಯ್ದೆ ನಿರ್ಬಂಧಿಸುತ್ತದೆ, ಮತ್ತು ಅದು ಸರಿಯೆಂದೇ ನನ್ನ ಅಭಿಪ್ರಾಯ; ಏಕೆಂದರೆ ಸಭೆಯಿಂದ ಎದ್ದುಹೋದವರು ಅದಕ್ಕೂ ಮೊದಲು ಅಲ್ಲಿ ಕೇಳಿದ್ದನ್ನು ಮರೆಯಲಾರರು.