ಮಕ್ಕಳ ಸ್ಪೀಚ್ ಥೆರಪಿಸ್ಟ್ ಆಗಬೇಕು, ಎಲ್ಲಿಂದ ಶುರು ಮಾಡಲಿ?

ಈ ಪ್ರಶ್ನೆಯನ್ನು ನನಗೆ ಇಬ್ಬರು ಕೇಳುತ್ತಾರೆ. ಪಿಯುಸಿ ಮುಗಿಸಿ ಯಾವ ಕೋರ್ಸ್ ಅಂತ ನೋಡುತ್ತಿರುವವರು ಒಬ್ಬರು. ಈಗಷ್ಟೇ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರು ಇನ್ನೊಬ್ಬರು. ಬೆಂಗಳೂರಿಗೆ ಹೋಗಲಾ, ಊರಲ್ಲೇ ಕ್ಲಿನಿಕ್ ಹಾಕಲಾ, ಎಂಎಸ್ಸಿ ಮುಗಿಸಿಕೊಂಡೇ ಬರಲಾ ಅಂತ ಅವರ ಮಾತು ಸಾಗುತ್ತದೆ. ಇಬ್ಬರಿಗೂ ನಾನು ಹೇಳುವುದು ಒಂದೇ. ಮೊದಲ ಒಂದೆರಡು ವರ್ಷ, ಪಕ್ಕದ ರೂಮಿನಲ್ಲಿ ಹಿರಿಯ ಥೆರಪಿಸ್ಟ್ ಇರುವ, ಮಗುವಿನ ಜೊತೆ ಮನೆಯವರನ್ನೂ ಒಳಗೆ ಬಿಡುವ ಜಾಗದಲ್ಲಿ ಕೆಲಸ ಮಾಡಿ. ಸಂಬಳ, ಊರು, ಬೋರ್ಡಿನ ಮೇಲಿನ ಹೆಸರು ಎಲ್ಲ ಆಮೇಲೆ.

ಓದಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೋರ್ಸಿನ ಹೆಸರು ಬಿಎಎಸ್‌ಎಲ್‌ಪಿ, ಅಂದರೆ ಬ್ಯಾಚುಲರ್ ಆಫ್ ಆಡಿಯಾಲಜಿ ಅಂಡ್ ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿ. ಕೊನೆಯ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಪಿಯುಸಿಯಲ್ಲಿ ಸೈನ್ಸ್ ಇರಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ನಾವೆಲ್ಲ ಆಯಿಷ್ ಅನ್ನುವುದು, ಈ ಓದಿಗೆ ದೇಶದಲ್ಲೇ ದೊಡ್ಡ ಹೆಸರು. ಬೆಂಗಳೂರು, ಮಂಗಳೂರು, ಮಣಿಪಾಲದಲ್ಲೂ ಕಾಲೇಜುಗಳಿವೆ. ಎಲ್ಲಿ ಸೇರಿದರೂ, ಆ ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯಾ ಅಂತ ಮೊದಲು ನೋಡಿ. 1992ರ ಕಾಯ್ದೆಯ ಪ್ರಕಾರ ಅಲ್ಲಿ ನೋಂದಣಿ ಇಲ್ಲದೆ ಈ ಕೆಲಸ ಮಾಡುವ ಹಾಗಿಲ್ಲ. ಡಿಗ್ರಿಯಲ್ಲಿ ಮಾತು, ಕಿವಿ ಎರಡನ್ನೂ ಕಲಿಸುತ್ತಾರೆ. ಮಕ್ಕಳ ಮಾತಿನ ಕೆಲಸ ಮಾಡುವವರು ಕಿವಿಯ ಪಾಠವನ್ನು ಪರೀಕ್ಷೆಗಷ್ಟೇ ಓದಿ ಬಿಡಬಾರದು. ಮಾತು ತಡವಾದ ಯಾವ ಮಗು ಬಂದರೂ ಮೊದಲು ಆಗಬೇಕಾದ್ದು ಕಿವಿಯ ಟೆಸ್ಟ್. "ಬಾಗಿಲು ಬಡಿದರೆ ತಿರುಗ್ತಾನೆ, ಕಿವಿ ಸರಿಯಾಗೇ ಇದೆ" ಅಂತ ಮನೆಯವರು ಹೇಳುತ್ತಾರೆ. ಬಾಗಿಲ ಸದ್ದು ಕೇಳುವ ಮಗುವಿಗೆ 'ಸ', 'ಶ' ಥರದ ಸಣ್ಣ ಸದ್ದುಗಳು ಕೇಳದೇ ಇರಬಹುದು. ಟೆಸ್ಟ್ ಆಗದೆ ಥೆರಪಿ ಶುರು ಮಾಡಬೇಡಿ.

ಈಗ ನಿಜವಾದ ವಿಷಯಕ್ಕೆ ಬರೋಣ. ಒಂದು ಮಗು ವಾರಕ್ಕೆ ಎರಡು ಸಲ ಬರುತ್ತದೆ ಅಂದುಕೊಳ್ಳಿ. ಸಲಕ್ಕೆ ಮುಕ್ಕಾಲು ಗಂಟೆ. ಅಂದರೆ ವಾರಕ್ಕೆ ಒಂದೂವರೆ ಗಂಟೆ ನಿಮ್ಮ ಜೊತೆ. ಮಿಕ್ಕಿದ್ದೆಲ್ಲ ಅಮ್ಮ, ಅಪ್ಪ, ಅಜ್ಜಿ, ಅಂಗನವಾಡಿ ಟೀಚರ್ ಜೊತೆ. ನೀವು ಎಷ್ಟೇ ಜಾಣರಿರಲಿ, ಆ ಒಂದೂವರೆ ಗಂಟೆಯಲ್ಲಿ ಮಗುವಿಗೆ ಮಾತು ಬರುವುದಿಲ್ಲ. ಮನೆಯವರು ಮಾತಾಡುವ ರೀತಿ ಸ್ವಲ್ಪ ಬದಲಾದರೆ ಬರುತ್ತದೆ. ಹಾಗಾಗಿ ಮನೆಯವರಿಗೆ ಕಲಿಸುವುದೇ ಈ ವೃತ್ತಿಯ ಅರ್ಧಕ್ಕಿಂತ ಜಾಸ್ತಿ ಕೆಲಸ. ಕಾಲೇಜಿನಲ್ಲಿ ಇದಕ್ಕೊಂದು ಪಾಠ ಇರುತ್ತದೆ. ಆದರೆ ಹಿರಿಯರು ಮಾಡುವುದನ್ನು ನೋಡದೆ ಇದು ಕೈಗೆ ಬರುವುದಿಲ್ಲ.

ಬಹಳಷ್ಟು ಮನೆಗಳಲ್ಲಿ ಮಗುವಿಗೆ ದಿನವಿಡೀ ಪರೀಕ್ಷೆ. "ಇದೇನು ಹೇಳು? ಅಮ್ಮ ಅನ್ನು. ಎಲ್ಲಿ, ಅಮ್ಮ ಅನ್ನು!" ಮಗು ಮುಖ ತಿರುಗಿಸುತ್ತದೆ. ಅದರ ಬದಲು ಸ್ನಾನದ ಹೊತ್ತನ್ನು ಬಳಸಿಕೊಳ್ಳಲು ಅಮ್ಮನಿಗೆ ತೋರಿಸಿಕೊಡಿ. ಚೊಂಬಿನಲ್ಲಿ ನೀರು ತುಂಬಿ "ಹಾಕ್ಲಾ?" ಅಂತ ಕೇಳಬೇಕು. ಕೇಳಿ ಸುಮ್ಮನೆ ಕಾಯಬೇಕು, ಮನಸ್ಸಿನಲ್ಲೇ ಐದು ಎಣಿಸುವಷ್ಟು. ಮಗು ಕಣ್ಣೆತ್ತಿ ನೋಡಿದರೂ ಸರಿ, ಕೈ ಚಾಚಿದರೂ ಸರಿ, "ಆ" ಅಂದರೂ ಸರಿ, "ಹಾಕು!" ಅಂತ ಮಗುವಿನ ಪರವಾಗಿ ತಾನೇ ಹೇಳಿ ನೀರು ಹಾಕಬೇಕು. ಈ ಕಾಯುವುದನ್ನು ಕಲಿಸುವುದು ಬಹಳ ಕಷ್ಟ. ಎಲ್ಲರಿಗೂ ಅವಸರ. ಅಜ್ಜಿಯರಿಗೆ ಇದು ಬೇಗ ಬರುತ್ತದೆ ಅನ್ನುವುದು ನನ್ನ ಅನುಭವ. ಮಗುವನ್ನು ಕಾಲ ಮೇಲೆ ಕೂರಿಸಿಕೊಂಡು ಆಡಿಸುತ್ತಾ, ಕೊನೆಯ ಮಾತನ್ನು ಮಗುವಿಗೇ ಬಿಟ್ಟು ನಿಲ್ಲಿಸುವುದು ಅವರಿಗೆ ಮೊದಲಿನಿಂದ ಗೊತ್ತು. ಅವರನ್ನು ಕ್ಲಿನಿಕ್ಕಿಗೆ ಕರೆಸಿ.

ಹೊಸಬರು ಸಾಮಾನ್ಯವಾಗಿ ಫ್ಲ್ಯಾಶ್ ಕಾರ್ಡಿನಿಂದ ಶುರು ಮಾಡುತ್ತಾರೆ. ಆಪಲ್, ಬಾಲ್, ಹಸು, ಕೆಂಪು, ಹಳದಿ. ಎರಡೂವರೆ ವರ್ಷವಾದರೂ ಮಾತು ಬಾರದ ಮಗುವಿಗೆ ಹಳದಿ ಅನ್ನುವ ಪದದಿಂದ ಏನು ಉಪಯೋಗ? ಅದಕ್ಕೆ ಮೊದಲು ಬೇಕಾಗಿರುವುದು ಬೇಕು, ಬೇಡ, ಕೊಡು, ಬಾ, ಎತ್ಕೋ, ಆಯ್ತು. ಇವುಗಳಿಂದ ಮಗುವಿನ ಕೆಲಸ ಆಗುತ್ತದೆ. ಕೆಲಸ ಆಗುವ ಮಾತನ್ನು ಮಗು ಮತ್ತೆ ಮತ್ತೆ ಆಡುತ್ತದೆ. ಮಾತು ಬರುವ ತನಕ ಚಿತ್ರ ತೋರಿಸಿ ಕೇಳಲು, ಸನ್ನೆ ಮಾಡಲು ಕಲಿಸಿದರೂ ತಪ್ಪಿಲ್ಲ. ಚಿತ್ರ ಕೊಟ್ಟರೆ ಮಾತೇ ಬರಲ್ಲ ಅಂತ ಹೆದರುವವರಿದ್ದಾರೆ. ಹಾಗೇನೂ ಆಗುವುದಿಲ್ಲ ಅಂತ ಸಂಶೋಧನೆಗಳು ಹೇಳುತ್ತವೆ, ನಾನೂ ನೋಡಿದ್ದೇನೆ.

ನಮ್ಮ ನುಡಿಯನ್ನು ಥೆರಪಿಸ್ಟ್ ಕಿವಿಯಿಂದ ಕೇಳುವುದನ್ನೂ ಕಲಿಯಬೇಕು. ನಮ್ಮ ಪಠ್ಯ, ವರ್ಕ್‌ಶೀಟ್ ಬಹುಪಾಲು ಇಂಗ್ಲಿಷಿನವು. ಇಂಗ್ಲಿಷಿನಲ್ಲಿ ಎಷ್ಟೋ ಪದಗಳು ವ್ಯಂಜನದಲ್ಲಿ ಮುಗಿಯುತ್ತವೆ, ಆ ಕೊನೆಯ ಸದ್ದನ್ನು ಮಗು ಬಿಡುತ್ತದಾ ಅಂತ ಅಲ್ಲಿ ನೋಡುತ್ತಾರೆ. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲೇ ಮುಗಿಯುತ್ತವೆ. ಅಮ್ಮ, ಅಪ್ಪ, ಅಕ್ಕ, ಅಜ್ಜಿ ಅಂತ ಒತ್ತಕ್ಷರವೇ ನಮ್ಮ ಮಕ್ಕಳ ಬಾಯಿಗೆ ಮೊದಲು ಬೀಳುತ್ತದೆ. ಬೇರೆ ಭಾಷೆಯ ಅಳತೆಯನ್ನು ಹಾಗೇ ತಂದು ಇಲ್ಲಿ ಇಡಲು ಬರುವುದಿಲ್ಲ. ಇನ್ನೂ ಒಂದು ಮಾತು. ಮಂಡ್ಯ, ಚಾಮರಾಜನಗರದ ಕಡೆಯ ಹಳ್ಳಿಯ ಮಗು ಹಾಲಿಗೆ "ಆಲು" ಅಂದರೆ, ಅದರ ಅಮ್ಮ ಹೇಗೆ ಹೇಳುತ್ತಾಳೆ ಅಂತ ಮೊದಲು ಕೇಳಿಸಿಕೊಳ್ಳಿ. ಮನೆಯಲ್ಲಿ ಎಲ್ಲರೂ "ಆಲು" ಅನ್ನುವುದಾದರೆ ಮಗುವಿನ ಮಾತು ಸರಿಯಾಗಿಯೇ ಇದೆ. ತಿದ್ದುವುದಕ್ಕೆ ಅಲ್ಲಿ ಏನೂ ಇಲ್ಲ. ಧಾರವಾಡದ, ಮಂಗಳೂರಿನ ಮಕ್ಕಳಿಗೂ ಇದೇ ನ್ಯಾಯ.

ಮನೆಮಾತು ತುಳುವೋ, ಉರ್ದುವೋ, ಲಂಬಾಣಿಯೋ ಆಗಿದ್ದರೆ "ಸ್ಕೂಲಿಗೆ ಅನುಕೂಲ ಆಗಲಿ, ಇಂಗ್ಲಿಷೊಂದೇ ಮಾತಾಡಿ" ಅಂತ ಸಲಹೆ ಕೊಡುವವರು ಇಂದಿಗೂ ಇದ್ದಾರೆ. ದಯವಿಟ್ಟು ನೀವು ಕೊಡಬೇಡಿ. ಎರಡು ಭಾಷೆ ಕೇಳಿದ್ದರಿಂದ ಯಾವ ಮಗುವಿಗೂ ಮಾತು ತಡವಾಗುವುದಿಲ್ಲ. ಅಮ್ಮನಿಗೆ ನಿರಾಳವಾಗಿ ಬರುವ ಭಾಷೆಯನ್ನು ನಿಲ್ಲಿಸಿದರೆ ಆ ಮನೆಯಲ್ಲಿ ಮಾತೇ ಕಡಿಮೆಯಾಗುತ್ತದೆ.

ಮನೆಯವರ ಜೊತೆ ಮಾತಾಡುವಾಗ ಇನ್ನೊಂದು ನೆನಪಿಡಿ. ನಿಮ್ಮ ಹತ್ತಿರ ಬರುವ ಹೊತ್ತಿಗೆ ಅವರು ಬಹಳ ಕೇಳಿಸಿಕೊಂಡಿರುತ್ತಾರೆ. "ಅವರಪ್ಪನೂ ಲೇಟಾಗೇ ಮಾತಾಡಿದ್ದು" ಅಂತ ಒಬ್ಬರು ಕಾಯಿಸಿರುತ್ತಾರೆ. ಬಜೆ ತೇಯ್ದು ನಾಲಿಗೆಗೆ ಹಚ್ಚಿಸಿರುತ್ತಾರೆ. ಇದಕ್ಕೆಲ್ಲ ಗದರಬೇಡಿ. ಗದರಿಸಿಕೊಂಡವರು ಮುಂದಿನ ವಾರ ಬರುವುದಿಲ್ಲ. ನಷ್ಟ ಮಗುವಿಗೆ. ಆಟಿಸಂ ಇರುವ ಮಗುವಿನ ಅಮ್ಮನಿಗಂತೂ "ನೀನು ಕೆಲಸಕ್ಕೆ ಹೋಗಿದ್ದಕ್ಕೇ ಹೀಗಾಯ್ತು" ಅಂತ ಯಾರಾದರೂ ಹೇಳಿಯೇ ಇರುತ್ತಾರೆ. ಆಟಿಸಂ ಅಮ್ಮ ಸಾಕಿದ ರೀತಿಯಿಂದ ಬರುವುದಲ್ಲ. ಈ ಮಾತನ್ನು ಅವಳೊಬ್ಬಳಿಗೇ ಹೇಳಿದರೆ ಸಾಲದು, ಗಂಡ, ಅತ್ತೆಯ ಎದುರಿಗೇ ಹೇಳಿ. ನೀವು ಕಲಿತ ಓದಿಗೆ ಆ ಮನೆಯಲ್ಲಿ ಒಂದು ಬೆಲೆ ಇದೆ. ಅದನ್ನು ಆ ತಾಯಿಯ ಪರವಾಗಿ ಬಳಸಿ.

ಕೆಲಸ ಎಲ್ಲಿ ಹುಡುಕಬೇಕು? ಬೆಂಗಳೂರಿನ ಮಕ್ಕಳ ಥೆರಪಿ ಸೆಂಟರ್‌ಗಳಲ್ಲಿ ಕೆಲಸ ಬೇಗ ಸಿಗುತ್ತದೆ. ಆದರೆ ಕೆಲವು ಕಡೆ ಸೆಶನ್ನಿನ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ. ಮಗು ಬಾರದಿದ್ದರೆ ಆ ಹೊತ್ತಿನ ದುಡ್ಡೂ ಇಲ್ಲ. ಇದನ್ನು ಸೇರುವ ಮೊದಲೇ ಬಾಯಿಬಿಟ್ಟು ಕೇಳಿ. ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಕಿವಿಯ ಕೆಲಸ ಜಾಸ್ತಿ ಇರುತ್ತದೆ, ಆದರೂ ಸೀಳು ಅಂಗುಳ ಇರುವ, ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲೆಂದು ಆಪರೇಷನ್ ಮಾಡಿ ಒಳಕಿವಿಯಲ್ಲಿ ಕೂರಿಸುವ ಸಾಧನ) ಆದ ಮಕ್ಕಳನ್ನು ಹತ್ತಿರದಿಂದ ನೋಡುವ ಅವಕಾಶ ಅಲ್ಲಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸುವ ಕೇಂದ್ರಗಳಿವೆ. ಡಿಇಐಸಿ ಅನ್ನುತ್ತಾರೆ. ಅಲ್ಲಿನ ಹುದ್ದೆಗಳನ್ನು ನಮ್ಮ ಹುಡುಗರು ಅಷ್ಟಾಗಿ ನೋಡುವುದಿಲ್ಲ. ನೋಡಬೇಕು. ಮಕ್ಕಳ ಡಾಕ್ಟರು, ಫಿಸಿಯೋಥೆರಪಿಸ್ಟ್ ಜೊತೆ ಕೂತು ಮಗುವನ್ನು ಪೂರ್ತಿಯಾಗಿ ನೋಡುವ ಅಭ್ಯಾಸ ಆಗುವುದು ಇಂಥ ಕಡೆ.

ಸ್ವಂತ ಕ್ಲಿನಿಕ್ ಆಸೆ ತಪ್ಪಲ್ಲ. ಡಿಗ್ರಿ ಮುಗಿದ ವರ್ಷವೇ ಮಾತ್ರ ಬೇಡ. ನಿಮಗೆ ಅನುಮಾನ ಬಂದಾಗ ಕೇಳಲು ಅಲ್ಲಿ ಯಾರೂ ಇರುವುದಿಲ್ಲ.

ಸಂದರ್ಶನಕ್ಕೆ ಹೋದಾಗ ಅವರು ನಿಮ್ಮನ್ನು ಕೇಳುವಷ್ಟೇ ನೀವೂ ಕೇಳಿ. ದಿನಕ್ಕೆ ಎಷ್ಟು ಮಕ್ಕಳು? ಮಗುವಿನ ರಿಪೋರ್ಟ್ ಬರೆಯುವುದಕ್ಕೆ ಸಮಯ ಕೊಡುತ್ತೀರಾ? ಕಿವಿಯ ಟೆಸ್ಟ್ ರಿಪೋರ್ಟ್ ನೋಡಿಯೇ ಮಗುವನ್ನು ತೆಗೆದುಕೊಳ್ಳುತ್ತೀರಾ? ನನ್ನ ಸೆಶನ್ನನ್ನು ಯಾರು ಬಂದು ನೋಡುತ್ತಾರೆ? ಸೆಶನ್ ನಡೆಯುವಾಗ ಅಮ್ಮ ಎಲ್ಲಿ ಕೂರುತ್ತಾರೆ? ಕೊನೆಯದಕ್ಕೆ "ಹೊರಗೆ, ರಿಸೆಪ್ಷನ್‌ನಲ್ಲಿ" ಅಂತ ಉತ್ತರ ಬಂದರೆ, ಸಂಬಳ ಎಷ್ಟೇ ಇರಲಿ, ಇನ್ನೊಂದು ಕಡೆ ನೋಡಿ.