ಆರ್ಕಿಟೆಕ್ಟ್‌ಗಳ ಸಂಘಕ್ಕೆ ಸೇರಿದ ದಿನ

14 ಸೆಪ್ಟೆಂಬರ್ 2024, ಶನಿವಾರ
ಬೆಂಗಳೂರು

ಎರಡು ವರ್ಷಗಳಿಂದ ಮುಂದೂಡುತ್ತಲೇ ಬಂದಿದ್ದ ಕೆಲಸವೊಂದನ್ನು ಇಂದು ಬೆಳಿಗ್ಗೆ ಮುಗಿಸಿದೆ. ಐಟಿ ಆರ್ಕಿಟೆಕ್ಟ್‌ಗಳ, ಅಂದರೆ ತಂತ್ರಾಂಶ ವ್ಯವಸ್ಥೆಗಳ ಒಟ್ಟು ರಚನೆಯನ್ನು ತೀರ್ಮಾನಿಸುವವರ, ವೃತ್ತಿಸಂಘವಾದ ‘ಇಯಾಸಾ’ದ ಸದಸ್ಯತ್ವಕ್ಕೆ ಅರ್ಜಿ ತುಂಬಿ, ಶುಲ್ಕವನ್ನೂ ಕಟ್ಟಿದೆ.

ಇದಕ್ಕೆ ಕಾರಣವಾದದ್ದು ಕಳೆದ ಶನಿವಾರ ಗಣೇಶನ ಹಬ್ಬಕ್ಕೆಂದು ಮೈಸೂರಿನ ಅಕ್ಕನ ಮನೆಗೆ ಹೋಗಿದ್ದಾಗ ನಡೆದ ಮಾತು. ಭಾವ ಕಟ್ಟಡಗಳ ಆರ್ಕಿಟೆಕ್ಟ್. ಅವರ ಪ್ರತಿಯೊಂದು ನಕ್ಷೆಯ ಮೇಲೂ ವಾಸ್ತುಶಿಲ್ಪ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಊಟವಾದ ಮೇಲೆ ಅವರು, “ನಿನ್ನ ಕಾರ್ಡಿನಲ್ಲೂ ಆರ್ಕಿಟೆಕ್ಟ್ ಅಂತಲೇ ಇದೆಯಲ್ಲಪ್ಪ, ನಮ್ಮಲ್ಲಿ ಒಬ್ಬ ತಪ್ಪು ನಡೆದುಕೊಂಡರೆ ಪರಿಷತ್ತಿಗೆ ದೂರು ಹೋಗುತ್ತೆ, ವಿಚಾರಣೆ ಆಗುತ್ತೆ, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು, ನಿಮ್ಮನ್ನು ಯಾರು ಕೇಳ್ತಾರೆ?” ಎಂದರು. “ಆಫೀಸಿನಲ್ಲಿ ಮೇಲಿನವರು ಕೇಳ್ತಾರೆ, ಭಾವ” ಎಂದೆ. “ಅವರು ಕೇಳೋದು ಕೆಲಸ ಯಾವಾಗ ಮುಗಿಯುತ್ತೆ ಅಂತ. ನಾನು ಹೇಳ್ತಿರೋದು ಬೇರೆ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಊರಿಗೆ ಮರಳಿದ ಮೇಲೆ 1972ರ ವಾಸ್ತುಶಿಲ್ಪಿಗಳ ಕಾಯಿದೆಯನ್ನು ಓದಿದೆ. ನೋಂದಣಿಯಿಲ್ಲದವರು ‘ಆರ್ಕಿಟೆಕ್ಟ್’ ಎಂಬ ಹೆಸರನ್ನು ಬಳಸಬಾರದೆಂದು ಅದರ 37ನೇ ಕಲಮು ಹೇಳುತ್ತದೆ. ಆ ಕಲಮು ರಕ್ಷಿಸುವುದು ಹೆಸರನ್ನೇ ಹೊರತು ಕಟ್ಟಡ ವಿನ್ಯಾಸದ ಕೆಲಸವನ್ನಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಉದ್ಯಾನ, ಭೂದೃಶ್ಯಗಳನ್ನು ರೂಪಿಸುವವರಿಗೆ ಮತ್ತು ಹಡಗು ವಿನ್ಯಾಸ ಮಾಡುವವರಿಗೆ ಕಾಯಿದೆ ವಿನಾಯಿತಿ ಕೊಟ್ಟಿದೆ. ತಂತ್ರಾಂಶದವರ ಪ್ರಸ್ತಾಪ ಅಲ್ಲಿಲ್ಲ. ಈ ಹೆಸರಿಗೆ ಇಷ್ಟು ಬೆಲೆಯಿದೆ ಎಂಬುದನ್ನು ಅದನ್ನು ಹನ್ನೊಂದು ವರ್ಷಗಳಿಂದ ಧರಿಸಿಕೊಂಡಿರುವ ನಾನು ಒಮ್ಮೆಯೂ ಯೋಚಿಸಿರಲಿಲ್ಲವೆಂಬುದು ನನ್ನನ್ನು ಕಲಕಿತು.

2016ರ ಒಂದು ನಿರ್ಧಾರ ಈ ವಾರವಿಡೀ ಮನಸ್ಸಿನಲ್ಲಿ ಸುಳಿಯುತ್ತಿದೆ. ಆಗ ನಾನಿದ್ದ ಕಂಪನಿಯಲ್ಲಿ ಬಿಲ್ಲಿಂಗ್ ಮತ್ತು ದಾಸ್ತಾನಿನ ವ್ಯವಸ್ಥೆ ಒಂದೇ ಡೇಟಾಬೇಸ್ ಮೇಲೆ ನಡೆಯುತ್ತಿತ್ತು. ಅದನ್ನು ಹನ್ನೊಂದು ಮೈಕ್ರೋಸರ್ವಿಸ್‌ಗಳಾಗಿ, ಅಂದರೆ ಒಂದನ್ನೊಂದು ಕರೆದು ಕೆಲಸ ಮಾಡುವ ಸಣ್ಣ ಬಿಡಿ ತಂತ್ರಾಂಶಗಳಾಗಿ, ಒಡೆದು, ಪ್ರತಿಯೊಂದಕ್ಕೂ ಬೇರೆ ಡೇಟಾಬೇಸ್ ಕೊಡಬೇಕೆಂದು ತೀರ್ಮಾನಿಸಿದವನು ನಾನೇ. ಬಿಲ್ಲು ಬರೆಯುವುದು, ದಾಸ್ತಾನು ಕಡಿಮೆ ಮಾಡುವುದು ಎರಡೂ ಮೊದಲು ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಆಗುತ್ತಿದ್ದವು; ಅಂದರೆ ಎರಡೂ ಆಗುತ್ತಿದ್ದವು, ಇಲ್ಲವೇ ಎರಡೂ ರದ್ದಾಗುತ್ತಿದ್ದವು. ಒಡೆದ ಮೇಲೆ, ನಡುವೆ ಒಂದು ಕರೆ ವಿಫಲವಾದರೆ ಬಿಲ್ಲು ಉಳಿದು ದಾಸ್ತಾನು ಹಾಗೆಯೇ ಇರುವ ಸ್ಥಿತಿ ಬಂತು, ಮತ್ತು ತಿಂಗಳ ಕೊನೆಯಲ್ಲಿ ಲೆಕ್ಕಪತ್ರ ವಿಭಾಗದವರು ರಾತ್ರಿಯೆಲ್ಲ ಕುಳಿತು ಎರಡು ಪಟ್ಟಿಗಳನ್ನು ಕೈಯಾರೆ ತಾಳೆ ನೋಡಬೇಕಾಯಿತು. ಕೊನೆಗೆ ನಾಲ್ಕು ಸರ್ವಿಸ್‌ಗಳನ್ನು ಮತ್ತೆ ಒಂದಾಗಿಸಿದೆವು. ತಪ್ಪು ಯಾರಿಗಾದರೂ ಆಗುತ್ತದೆ. ನನ್ನನ್ನು ಇಂದಿಗೂ ನೋಯಿಸುವುದು ಬೇರೆ ಸಂಗತಿ. ಆ ನಿರ್ಧಾರವನ್ನು ಮಂಡಿಸಿದ ಸಭೆಯಲ್ಲಿ ಹದಿನಾಲ್ಕು ಜನರಿದ್ದರು, ಒಬ್ಬರೂ “ಏಕೆ?” ಎಂದು ಕೇಳಲಿಲ್ಲ, ಏಕೆಂದರೆ ಅಲ್ಲಿದ್ದ ಏಕೈಕ ಆರ್ಕಿಟೆಕ್ಟ್ ನಾನು.

2002ರಲ್ಲಿ ಅಮೆರಿಕದಲ್ಲಿ ಆರಂಭವಾದ ಇಯಾಸಾ ನನ್ನನ್ನು ಸೆಳೆದದ್ದು ಈ ಕಾರಣಕ್ಕೇ. ಇಂಟರ್ನೆಟ್ ಮೂಲಕ ಕಂಪ್ಯೂಟರ್ ಸೌಲಭ್ಯಗಳನ್ನು ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಗಳ ಆರ್ಕಿಟೆಕ್ಟ್ ಪ್ರಮಾಣಪತ್ರಗಳು ನನ್ನ ಬಳಿ ಮೂರು ಇವೆ. ಅವುಗಳಿಂದ ಕಲಿತದ್ದೂ ಬಹಳ. ಆದರೆ ಅವು ಪರೀಕ್ಷಿಸುವುದು ಆಯಾ ಕಂಪನಿಯ ಸೇವೆಗಳ ತಿಳಿವಳಿಕೆಯನ್ನು. ಈ ಸಂಘ ಯಾವ ಕಂಪನಿಯ ಉತ್ಪನ್ನಕ್ಕೂ ಅಂಟಿಕೊಂಡಿಲ್ಲ. ವ್ಯವಹಾರ ಮತ್ತು ತಂತ್ರಜ್ಞಾನದ ಕಾರ್ಯತಂತ್ರ, ವಿನ್ಯಾಸ, ವ್ಯವಸ್ಥೆಯ ಗುಣಮಟ್ಟದ ಲಕ್ಷಣಗಳು, ಐಟಿ ಪರಿಸರ, ಮಾನವ ಸಂಬಂಧಗಳು ಎಂಬ ಐದು ಸ್ತಂಭಗಳ ಮೇಲೆ ಅದು ಆರ್ಕಿಟೆಕ್ಟ್‌ನ ಸಾಮರ್ಥ್ಯವನ್ನು ಅಳೆಯುತ್ತದೆ. ವೃತ್ತಿಪರ ಹಂತದ ಪ್ರಮಾಣಪತ್ರ ಬೇಕಾದರೆ, ತಾನು ನಿಜವಾಗಿ ಮಾಡಿದ ಕೆಲಸವನ್ನು ಅನುಭವಿ ಆರ್ಕಿಟೆಕ್ಟ್‌ಗಳ ಮಂಡಳಿಯ ಮುಂದಿಟ್ಟು ಅವರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಸಹವೃತ್ತಿಯವರ ಪ್ರಶ್ನೆಗೆ ಕಾನೂನಿನ ಬಲವಿಲ್ಲ, ನಿಜ. ಭಾವ ಹೇಳಿದ ಪರಿಷತ್ತಿಗೆ ಇದು ಸಮವಲ್ಲ. ಆದರೂ 2016ರ ಆ ಸಭೆಯಲ್ಲಿ ಹೀಗೆ ಪ್ರಶ್ನೆ ಕೇಳುವ ಒಬ್ಬರಿದ್ದಿದ್ದರೂ ಸಾಕಿತ್ತು ಎಂದು ನನಗೆ ಅನ್ನಿಸುತ್ತದೆ.

ಮಧ್ಯಾಹ್ನ ಐದು ಸ್ತಂಭಗಳ ಹೆಸರನ್ನು ನೋಟ್‌ಪುಸ್ತಕದಲ್ಲಿ ಬರೆದು, ಪ್ರತಿಯೊಂದರ ಎದುರಿಗೂ ಕಳೆದ ಮೂರು ವರ್ಷಗಳಲ್ಲಿ ಮಾಡಿದ ಒಂದು ಕೆಲಸವನ್ನು ತುಂಬಲು ಕುಳಿತೆ. ವಿನ್ಯಾಸದ ಎದುರು ಪುಟವೇ ಸಾಲಲಿಲ್ಲ. ಮಾನವ ಸಂಬಂಧಗಳ ಎದುರು ಒಂದು ಸಾಲೂ ಮೂಡಲಿಲ್ಲ. ಹದಿನಾಲ್ಕು ಜನರ ಮೌನಕ್ಕೆ ನಾನು ಮಾತನಾಡುತ್ತಿದ್ದ ರೀತಿಯೂ ಕಾರಣವಾಗಿತ್ತೆಂದು ಆಗ ಹೊಳೆಯಿತು.

ಸಂಜೆ ಭಾವನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. “ಮಂಡಳಿಯ ಮುಂದೆ ಯಾವ ಕೆಲಸ ಇಡ್ತೀಯ?” ಎಂದು ಕೇಳಿದರು. ಚೆನ್ನಾಗಿ ನಡೆದ ಎರಡು ಯೋಜನೆಗಳ ಹೆಸರು ಬಾಯಿಗೆ ಬಂದಿತ್ತು. ಆದರೆ 2016ರದ್ದನ್ನೇ ಎಂದೆ. ಅದರ ಟಿಪ್ಪಣಿಯನ್ನು ಈಗ ತೆರೆದಿದ್ದೇನೆ, ಮೊದಲ ಸಾಲಿನಲ್ಲಿ ಅಂದು ಯಾರೂ ಕೇಳದ ಆ ಪ್ರಶ್ನೆಯನ್ನು ಬರೆದಿದ್ದೇನೆ.