ಶಾಯಿಯಲ್ಲಿ ಬಿಡಿಸಿದ ಗಾಳಿ

ಮಧ್ಯಾಹ್ನ ಮೊಬೈಲಿನಲ್ಲಿ ಒಂದು ಚಿತ್ರ ಕಣ್ಣಿಗೆ ಬಿತ್ತು.
ಬೆಲ್ಜಿಯಂನ ಲಿಯೋನ್ ಸ್ಪಿಲ್ಲಿಯಾರ್ಟ್ 1908ರಲ್ಲಿ ಬಿಡಿಸಿದ ‘ವರ್ಟಿಗೊ’, ಅಂದರೆ ತಲೆಸುತ್ತು.

ಎದೆ ನಡುಗಿಸುವ ಎತ್ತರದ ಮೆಟ್ಟಿಲುಗಳು. ಅವುಗಳ ಮೇಲೆ ಒಬ್ಬಳೇ ಹೆಂಗಸು.
ಅವಳ ಕರಿಯ ವಸ್ತ್ರವೊಂದೇ ಗಾಳಿಗೆ ಹಾರುತ್ತಿದೆ. ಉಳಿದದ್ದೆಲ್ಲ ಕಲ್ಲಿನಂತೆ ಸ್ತಬ್ಧ.
ಆ ವಸ್ತ್ರದಿಂದ ಕಣ್ಣು ಕೀಳಲಾಗಲಿಲ್ಲ. ಗಾಳಿ ಎಷ್ಟು ಜೋರಾಗಿದೆ ಎಂದು ಹೇಳಲು ಅಷ್ಟೇ ಸಾಕಾಗಿದೆ ಅವನಿಗೆ!

ಆಸ್ಟೆಂಡ್ ಎಂಬ ಕಡಲೂರಿನವನು. ಸುಗಂಧದ್ರವ್ಯ ವ್ಯಾಪಾರಿಯ ಮಗ, 1881ರಲ್ಲಿ ಹುಟ್ಟಿದವನು.
ಹೊಟ್ಟೆಯ ಹುಣ್ಣು, ನಿದ್ದೆ ಬಾರದ ರಾತ್ರಿಗಳು. ಎದ್ದು ಕಡಲ ದಂಡೆಯಲ್ಲಿ ಅಲೆಯುತ್ತಿದ್ದ.
ಚಿತ್ರಕಲೆಯನ್ನು ಹೆಚ್ಚಾಗಿ ತಾನೇ ಕಲಿತ. ಕಾಗದ, ನೀರು ಬೆರೆಸಿದ ಶಾಯಿ, ಬಣ್ಣದ ಪೆನ್ಸಿಲ್, ಇವೇ ಅವನ ಬಂಡವಾಳ.

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಕಾಗದಕ್ಕಿಂತ ಕ್ಯಾನ್ವಾಸಿನ ತೈಲಚಿತ್ರಕ್ಕೇ ಬೆಲೆ ಹೆಚ್ಚು.
ಆದರೆ ಇವನ ವಿಷಯದಲ್ಲಿ ಸಂಗ್ರಾಹಕರು ಹಟ ಹಿಡಿದು ಹುಡುಕುವುದು ಆ ಕಾಗದಗಳನ್ನೇ, ಅದರಲ್ಲೂ 1900ರ ದಶಕದ ಕತ್ತಲ ಚಿತ್ರಗಳನ್ನು.
1916ರಲ್ಲಿ ಮದುವೆಯಾದ, ಮರುವರ್ಷ ಮಗಳು ಹುಟ್ಟಿದಳು. ಬಣ್ಣಗಳು ತಿಳಿಯಾದವು. ಮುಂದೆ ಮರಗಳನ್ನು ಪ್ರೀತಿಯಿಂದ ಬಿಡಿಸಿದ.
ಅವುಗಳಿಗೆ ಅಷ್ಟು ಬೇಡಿಕೆಯಿಲ್ಲ.

ಮನುಷ್ಯನ ನಿದ್ದೆಗೆಟ್ಟ ವರ್ಷಗಳಿಗೆ ಹೆಚ್ಚು ಬೆಲೆ, ನೆಮ್ಮದಿಯ ವರ್ಷಗಳಿಗೆ ಕಡಿಮೆ. ಇದು ನನಗೆ ನಿಜಕ್ಕೂ ಬೇಸರ ತರಿಸಿತು.
ಆ ಮರಗಳೂ ಚೆನ್ನಾಗಿವೆ. ಬಿಡುವಾದಾಗ ನೋಡಿ, ಯಾವುದು ಹಿಡಿಸಿತೆಂದು ನನಗೂ ಹೇಳಿ.